ಕೆರೆಗೆ ನೀರು ಯಾಕೆ ಬರ್ಲಿಲ್ಲ ಅಂತ ನಂಗೆ ಗೊತ್ತಿತ್ತು

ರಾಗಿ ಕಟಾವಿನ ಗಡಿಬಿಡೀಲಿ ಮೂರು ವಾರದಿಂದ ಇಲ್ಲಿ ಏನೂ ಬರೆಯೋಕಾಗಿರ್ಲಿಲ್ಲ. ನಿನ್ನೆ ಕೊನೇ ತಾಕಿನ ಮೆದೆ ಒಟ್ಟಿ ಮುಗೀತು. ಎಕರೆಗೆ ಎಷ್ಟು ಬಂತು ಅನ್ನೋದನ್ನ ಒಕ್ಕಣೆ ಆದ್ಮೇಲೆ ಎಂದಿನಂತೆ ಲೆಕ್ಕ ಸಮೇತ ಬರೀತೀನಿ. ಇವತ್ತಿನ ವಿಷಯ ಬೇರೆ. ಎರಡು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದ್ದದ್ದು.

ಮುಂದಿನ ವಾರ ನಮ್ಮೂರಲ್ಲಿ ವಾರ್ಡ್ ಸಭೆ ಇದೆ. ‘ನಮ್ಮ ಗ್ರಾಮ ನಮ್ಮ ಯೋಜನೆ’ಗೆ ಬೇಡಿಕೆ ಪಟ್ಟಿ ಮಾಡ್ತಾರೆ. ನಿಮ್ಮೂರುಗಳಲ್ಲೂ ಇದೇ ಹೊತ್ತಿಗೆ ನಡೀತಿರುತ್ತೆ. ಈ ಸಭೆ ಹೇಗಿರುತ್ತೆ ಅಂತ ನಿಮಗೆ ಹೇಳೋದೇನೂ ಬೇಡ. ಹದಿನೈದು ಜನ ಬಂದಿರ್ತಾರೆ, ಅದರಲ್ಲಿ ಐದು ಜನ ಬೈಕ್ ಮೇಲೇ ಕೂತಿರ್ತಾರೆ. ಒಬ್ಬರು ಸಿಸಿ ರಸ್ತೆ ಅಂತಾರೆ, ಒಬ್ಬರು ಹೈಮಾಸ್ಟ್ ಲೈಟ್ ಅಂತಾರೆ, ಈ ಸಲ ಊರ ಬಾಗಿಲಿಗೆ ಒಂದು ಸ್ವಾಗತ ಕಮಾನು ಬೇಕು ಅನ್ನೋ ಮಾತೂ ಎದ್ದಿದೆ. ಪಟ್ಟಿ ಬರ್ಕೊಂಡು ಸಹಿ ಹಾಕಿಸ್ಕೊಂಡು ಹೋಗ್ತಾರೆ. ನಾನೂ ಹತ್ತು ವರ್ಷ ಹಾಗೇ ಸಹಿ ಹಾಕಿ ಬಂದೋನೇ.

ಈ ಸಲ ಸಭೆಗೆ ಮುಂಚೆ ನಮ್ಮೂರ ಕೆರೆ ಕಥೆ ಹೇಳ್ಬೇಕು. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಹೇಳ್ತೀನಿ.

2022ರ ಬೇಸಿಗೇಲಿ ನಮ್ಮ ಕೆರೆ ಹೂಳೆತ್ತಿಸಿದ್ದು ನಿಮ್ಮಲ್ಲಿ ಸುಮಾರು ಜನಕ್ಕೆ ನೆನಪಿರಬಹುದು. ಇಪ್ಪತ್ತು ದಿನ ಟ್ರ್ಯಾಕ್ಟರ್ ಓಡಿದ್ವು. ಗೋಡು ಮಣ್ಣು ನಾನೇ 60 ಲೋಡ್ ಹೊಡೆಸ್ಕೊಂಡೆ. ಕೆಂಪು ಜಮೀನಿಗೆ ಗೋಡು ಬಿದ್ರೆ ಎರಡು ಮೂರು ವರ್ಷ ತೇವ ಹಿಡಿಯೋದು ಎಲ್ಲರಿಗೂ ಗೊತ್ತಿರೋದೇ. ಈ ಪೇಜಲ್ಲೇ ಫೋಟೋ ಹಾಕಿ ‘ನಮ್ಮ ಕೆರೆಗೆ ಮರುಜೀವ’ ಅಂತ ಬರ್ದಿದ್ದೆ. ನಿಮ್ಮಲ್ಲಿ ಕೆಲವರು ಶಹಬ್ಬಾಸ್ ಅಂದಿದ್ರಿ.

ಆ ವರ್ಷ ಮಳೆ ಎಂಥಾದ್ದು ಬಂತು! ನಮ್ಮ ಕಡೆ ಎಷ್ಟೋ ವರ್ಷದಿಂದ ತುಂಬದೇ ಇದ್ದ ಕೆರೆಗಳೆಲ್ಲ ಕೋಡಿ ಬಿದ್ವು. ಪಕ್ಕದೂರಿನವರು ಬಾಗಿನ ಬಿಟ್ರು, ಊಟ ಹಾಕಿಸಿದ್ರು, ನಾವೂ ಹೋಗಿ ಉಂಡು ಬಂದ್ವಿ. ನಮ್ಮ ಕೆರೇಲಿ ಮಾತ್ರ ಮೊಣಕಾಲುದ್ದ ನೀರು. ಹೂಳು ತೆಗೆದ ಗುಂಡಿಗಳಲ್ಲಷ್ಟೇ ನಿಂತಿತ್ತು, ದೀಪಾವಳಿ ಕಳೆಯೋ ಹೊತ್ತಿಗೆ ಅದೂ ಇಂಗಿತು. ಊರಲ್ಲಿ ಒಬ್ಬೊಬ್ಬರು ಒಂದೊಂದು ಅಂದ್ರು. ಹೂಳೆತ್ತುವಾಗ ಪೂಜೆ ಸರಿಯಾಗಿ ಮಾಡ್ಲಿಲ್ಲ ಅಂದ್ರು. ಮೇಲಿನ ಊರಿನವರು ಚೆಕ್ ಡ್ಯಾಮ್ ಕಟ್ಟಿ ನೀರು ಹಿಡ್ಕೊಂಡ್ರು ಅಂದ್ರು. ಅದರಲ್ಲಿ ಸ್ವಲ್ಪ ನಿಜಾನೂ ಇತ್ತು.

ಆಗ ನಾವು ನಾಲ್ಕು ಜನ ಸೇರ್ಕೊಂಡು ಕಾಲೋನಿಯ ತಾತನ್ನ ಕರ್ಕೊಂಡು ಹೋದ್ವಿ. ಅವರದು ನೀರಗಂಟಿ ಮನೆತನ. ತೂಬು ಎತ್ತೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡೋದು, ಮಳೆಗಾಲದ ರಾತ್ರಿ ಏರಿ ಕಾಯೋದು, ಮುಂಗಾರಿಗೆ ಮುಂಚೆ ಕಾಲುವೆ ನೋಡ್ಕೊಂಡು ಬರೋದು, ಎಲ್ಲ ಅವರ ಮನೆ ಕೆಲಸ. ತಾತನಿಗೆ ಎಂಬತ್ತರ ಹತ್ರ. ಗುಡ್ಡದ ಬುಡದಿಂದ ಶುರು ಮಾಡಿ ನಡೀತಾ ಬಂದ್ವಿ. ಗಿಡಗಂಟಿ ಮುಚ್ಚಿರೋ ಕಡೆ ಕೋಲಲ್ಲಿ ಸರಿಸಿ ತೋರಿಸ್ತಿದ್ರು, ‘ಇಲ್ಲಿ ಕಲ್ಲು ಕಟ್ಟಿತ್ತು, ಇಲ್ಲಿ ಹನ್ನೆರಡು ಅಡಿ ಅಗಲ ಇತ್ತು’ ಅಂತ. ಸುಮಾರು ಒಂದೂವರೆ ಕಿಲೋಮೀಟರ್ ಕಾಲುವೆ. ಕೆರೆ ಇನ್ನೇನು ಮುನ್ನೂರು ಅಡಿ ಇದೆ ಅನ್ನುವಾಗ ತಾತ ನಿಂತುಬಿಟ್ರು. ಎದುರಿಗೆ ನನ್ನ ತೆಂಗಿನ ಸಾಲು.

‘ಇಲ್ಲಿಂದ ಎತ್ತ ಹೋಗ್ತಿತ್ತು ತಾತ?’ ಅಂತ ಜೊತೇಲಿದ್ದ ಹುಡುಗ ಕೇಳ್ದ. ತಾತ ಬೀಡಿ ಹಚ್ಚಿದ್ರು. ನನ್ನ ಮುಖ ನೋಡ್ಲಿಲ್ಲ. ‘ದೊಡ್ಡೋರು, ಇವರ ಅಪ್ಪಾರು ಇದ್ದಿದ್ರೆ ಹೇಳೋರು’ ಅಂದ್ರು ಅಷ್ಟೇ.

ನಂಗೆ ಅರ್ಥ ಆಯ್ತು. ನಮ್ಮಪ್ಪ ಕಾಲುವೆ ಮುಚ್ಚಿ ತೆಂಗು ಹಾಕಿದ್ರು. ಆಗ ಸತತ ಬರಗಾಲ, ಕಾಲುವೇಲಿ ನೀರು ಹರಿದು ಯಾವ ಕಾಲ ಆಗಿತ್ತೋ, ‘ಬರೀ ಪಾಪಸುಕಳ್ಳಿ ಬೆಳೆದಿದೆ, ದಂಡಕ್ಕೆ ಬಿದ್ದಿದೆ’ ಅಂದ್ಕೊಂಡೇ ಮಾಡಿದ್ರು. ಆವತ್ತು ರಾತ್ರಿ ಮನೇಲಿ ಪಹಣಿ ತೆಗೆದು ನೋಡಿದೆ. ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಅಂತ ಇರುತ್ತಲ್ಲ, ಅದರಲ್ಲಿ ‘ಅ’ ಖರಾಬು ಅಂದ್ರೆ ಬೇಸಾಯಕ್ಕೆ ಬರದ ಬಂಡೆ, ಗುಂಡಿ ಇತ್ಯಾದಿ. ‘ಬ’ ಖರಾಬು ಅಂದ್ರೆ ದಾರಿ, ಹಳ್ಳ, ಕಾಲುವೆ, ಸಾರ್ವಜನಿಕರದ್ದು. ನನ್ನ ಸರ್ವೆ ನಂಬರಲ್ಲಿ 9 ಗುಂಟೆ ‘ಬ’ ಖರಾಬು ಇದೆ. ಅಷ್ಟು ವರ್ಷ ಆ ಪಹಣಿ ಹಿಡ್ಕೊಂಡು ಸೊಸೈಟಿಗೆ, ಬ್ಯಾಂಕಿಗೆ ಓಡಾಡಿದೀನಿ. ಆ ಸಾಲನ್ನ ಒಂದು ಸಲವೂ ಓದಿರ್ಲಿಲ್ಲ.

ಓದಿದ ಮೇಲೂ ಸುಮ್ಮನಿದ್ದೆ. ಒಂದೂವರೆ ವರ್ಷ ಸುಮ್ಮನಿದ್ದೆ. ಯಾರಾದ್ರೂ ಕೇಳಿದ್ರೆ ‘ಮೇಲಿನ ಊರಿನ ಚೆಕ್ ಡ್ಯಾಮ್’ ಅಂತ ನಾನೂ ಅಂದಿದೀನಿ.

ಯಾಕೆ ಅಂತ ಹೇಳ್ತೀನಿ. 14 ಮರ. ಮರಕ್ಕೆ ವರ್ಷಕ್ಕೆ 80 ಕಾಯಿ, ಕಾಯಿಗೆ 15 ರೂಪಾಯಿ ಹಿಡಿದ್ರೂ 16,800 ರೂಪಾಯಿ. ನನ್ನ ಮೊದಲ ಬೋರು 220 ಅಡಿ, ಎರಡನೇದು 620, ಮೂರನೇದು 1,050 ಅಡಿ ಹೋಗಿ ಬರೀ ಧೂಳು. ಆ ಸಾಲ ಇನ್ನೂ ತೀರಿಲ್ಲ. ಸಾಲ ಇರೋ ಮನೇಲಿ 16,800 ಅಂದ್ರೆ ಮಗಳ ಕಾಲೇಜು ಫೀಸು. ಇನ್ನೊಂದು ಕಾರಣ ಅಂದ್ರೆ, ಅವು ನಮ್ಮಪ್ಪ ನೆಟ್ಟ ಮರ. ಮೂರನೇದು, ನಾನೊಬ್ಬನೇ ಅಲ್ಲ, ಕಾಲುವೆ ಮೇಲೆ ಇನ್ನೂ ಮೂರು ಜನ ಇದ್ರು. ‘ಅವರು ಬಿಡ್ಲಿ, ಆಮೇಲೆ ನಾನು’ ಅನ್ನೋದು ಎಲ್ಲರಿಗೂ ಇದ್ದದ್ದೇ.

ತಮಾಷೆ ಏನಂದ್ರೆ, ‘ಕೆರೆಯ ಕಾಲುವೆ ಹೂಳು ತೆಗೆಯುವುದು’ ಅನ್ನೋ ಕಾಮಗಾರಿ ಎರಡು ವರ್ಷದಿಂದ ಪಂಚಾಯ್ತಿಯ ನರೇಗಾ ಕ್ರಿಯಾ ಯೋಜನೇಲೇ ಇತ್ತು. ಸಭೇಲಿ ಕೈ ಎತ್ತಿ ಬರೆಸಿದೋರಲ್ಲಿ ನಾನೂ ಒಬ್ಬ. ಕಾಗದದಲ್ಲಿ ಕಾಲುವೆ, ಹೊಲದಲ್ಲಿ ತೆಂಗು. ಕೆಲಸ ಎಲ್ಲಿಂದ ಶುರು ಮಾಡ್ತಾರೆ?

ಆಮೇಲೆ 2023 ಬಂತು. ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆದ ವರ್ಷ. ಶೇಂಗಾ ಬಿತ್ತಿದೋರಿಗೆ ಬೀಜ ವಾಪಸ್ ಬರ್ಲಿಲ್ಲ. 2024ರ ಮಾರ್ಚಲ್ಲಿ ನನ್ನ ಎರಡನೇ ಬೋರು ನಿಂತು ಹೋಯ್ತು, ಊರಿನ ಕುಡಿಯೋ ನೀರಿನ ಬೋರೂ ಕೈಕೊಡ್ತು. ಟ್ಯಾಂಕರ್ ಬರೋಕೆ ಶುರುವಾಯ್ತು. ಟ್ಯಾಂಕರ್ ದೇವಸ್ಥಾನದ ಹತ್ರ ಮೊದಲು ನಿಲ್ಲುತ್ತೆ, ಅಲ್ಲಿಂದ ಮೇಲಿನ ಬೀದಿ, ಕೊನೆಗೆ ಕಾಲೋನಿ. ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಕಾಲೋನಿಗೆ ಹೋಗೋ ಹೊತ್ತಿಗೆ ಪೈಪಲ್ಲಿ ದಾರದಷ್ಟು ನೀರು. ತಾತ ಎರಡು ಕೊಡ ಇಟ್ಕೊಂಡು ನೆರಳಲ್ಲಿ ಕೂತಿದ್ರು. ಒಂದು ಕೊಡವೂ ತುಂಬಲಿಲ್ಲ. ಊರಿಗೆಲ್ಲ ನೀರು ಹಂಚಿದ ಮನೆತನ ಅದು. ಆವತ್ತೂ ಅವರು ನನಗೇನೂ ಅನ್ಲಿಲ್ಲ. ಅಂದಿದ್ರೆ ಬಹುಶಃ ನಾನು ಜಗಳ ಆಡಿ ಮನೆಗೆ ಬರ್ತಿದ್ದೆ.

ಮರುದಿನ ಅಮ್ಮನಿಗೆ ಹೇಳಿದೆ. ‘ನಿಮ್ಮಪ್ಪ ಬಿಂದಿಗೇಲಿ ನೀರು ಹೊತ್ತು ಬೆಳೆಸಿದ ಮರ ಕಣಪ್ಪ’ ಅಂದ್ರು. ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಸಂಜೆ ಅರಳಿಕಟ್ಟೆ ಹತ್ರ ಜನ ಇದ್ದಾಗ ಹೇಳಿಬಿಟ್ಟೆ: ಕಾಲುವೆ ನಮ್ಮ ಹೊಲದಲ್ಲಿ ಮುಚ್ಚಿದೆ, ನಮ್ಮದೇ ತಪ್ಪು, ನಾನು ಬಿಡಿಸ್ತೀನಿ. ಯಾರೂ ಚಪ್ಪಾಳೆ ಹೊಡೀಲಿಲ್ಲ. ‘ಈಗ ಜ್ಞಾನೋದಯ ಆಯ್ತಾ?’ ಅಂತ ಒಬ್ಬರು ಕೇಳಿದ್ರು. ಕೇಳಬೇಕಾದ ಮಾತೇ.

ಚುನಾವಣೆ ಮುಗಿದ ಮೇಲೆ ಸರ್ವೆಯವರನ್ನ ಕರೆಸಿ, ಮೂಲ ನಕ್ಷೆ ಇಟ್ಕೊಂಡು ಅಳತೆ ಮಾಡಿಸಿ ಕಲ್ಲು ನೆಡಿಸಿದ್ವಿ. ಉಳಿದ ಮೂವರಲ್ಲಿ ಒಬ್ಬರು ಒಪ್ಪಿದ್ರು. ಕುರಿ ರೊಪ್ಪ ಇದ್ದವರು ಒಂದು ವಾರ ಟೈಮ್ ಕೇಳಿ ತೆಗೆದ್ರು. ಇನ್ನೊಬ್ಬರು ಅರ್ಧ ಮಾತ್ರ ಬಿಟ್ಟಿದ್ದಾರೆ, ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ಮರ ಕಡಿಸಿ ಬೊಡ್ಡೆ ತೆಗೆಸಿದ ಜೆಸಿಬಿ ಖರ್ಚು ನಂದೇ, ನರೇಗಾದಲ್ಲಿ ಯಂತ್ರ ಬಳಸೋ ಹಾಗಿರ್ಲಿಲ್ಲ. ಮರ ಕಡಿಸಿದ ದಿನ ಅಮ್ಮ ಹೊಲದ ಕಡೆ ಬರ್ಲಿಲ್ಲ.

ಮಣ್ಣು ಕೆಲಸ ನರೇಗಾದಲ್ಲೇ ಆಯ್ತು. 36 ಜನ, 14 ದಿನ, ಒಟ್ಟು 504 ಮಾನವ ದಿನ. ದಿನಕ್ಕೆ 349 ರೂಪಾಯಿ ಕೂಲಿ, ಅಂದ್ರೆ ಸುಮಾರು 1.76 ಲಕ್ಷ ಊರಲ್ಲೇ ಉಳೀತು. ಅದರಲ್ಲಿ ಮುಕ್ಕಾಲು ಪಾಲು ಜನ ಜಮೀನಿಲ್ಲದವರು, ಹೆಂಗಸರೇ ಜಾಸ್ತಿ. ಕೂಲಿ ಖಾತೆಗೆ ಬರೋದು ತಡ ಆಗಿ ಬೈಗುಳ ತಿಂದಿದ್ದು ಬೇರೆ ಕಥೆ.

ಆಗಸ್ಟಲ್ಲಿ ಒಂದು ರಾತ್ರಿ ಜೋರು ಮಳೆ. ಒಂದು ಗಂಟೆ ಹೊತ್ತಿಗೆ ಟಾರ್ಚ್ ಹಿಡ್ಕೊಂಡು ಹೋದೆ. ನಮ್ಮ ಹೊಲದ ಮಧ್ಯೆ ಕೆಂಪು ನೀರು ಹರೀತಿತ್ತು. ಅಲ್ಲಿ ಆಗಲೇ ಏಳೆಂಟು ಜನ ಇದ್ರು, ಯಾರೂ ಹೇಳಿ ಕಳಿಸಿರ್ಲಿಲ್ಲ. ಅಕ್ಟೋಬರ್ ಮಳೆಗೆ ಕೆರೆ ಮುಕ್ಕಾಲು ತುಂಬಿತು. ಕೋಡಿ ಬಿದ್ದಿಲ್ಲ, ಬಾಗಿನ ಬಿಟ್ಟಿಲ್ಲ. ನವೆಂಬರ್ ಹೊತ್ತಿಗೆ ನನ್ನ ನಿಂತು ಹೋಗಿದ್ದ ಬೋರಲ್ಲಿ ಒಂದಿಂಚು ನೀರು ಬಂದಿದೆ. ಕೆರೆಯಿಂದಲೇ ಬಂತು ಅಂತ ನಾನು ಹೇಳಲ್ಲ, ಈ ವರ್ಷ ಮಳೇನೂ ಒಳ್ಳೇದಾಯ್ತು. ಇನ್ನೆರಡು ವರ್ಷ ನೋಡಿ ಹೇಳ್ತೀನಿ.

ನೀರು ಬಂತು, ಖುಷಿ ಆಯ್ತು. ನಿಜವಾದ ತಲೆನೋವು ಶುರುವಾಗಿದ್ದು ಆಮೇಲೆ. ಕೆರೇಲಿ ನೀರು ನಿಂತ ಹದಿನೈದೇ ದಿನಕ್ಕೆ ಅಚ್ಚುಕಟ್ಟಲ್ಲಿ ಎರಡು ಹೊಸ ಬೋರ್ ಕೊರೆಸಿದ್ರು, ಮೂರು ಜನ ಅಡಿಕೆ ಸಸಿಗೆ ಅಡ್ವಾನ್ಸ್ ಕೊಟ್ರು. ತಪ್ಪು ಅನ್ನಲ್ಲ, ಅಡಿಕೆ ಬೆಲೆ ನೋಡಿದ್ರೆ ಯಾರಿಗಾದ್ರೂ ಅನ್ಸುತ್ತೆ. ಒಂದು ಲೆಕ್ಕ ಮಾತ್ರ ನೋಡಿ. ಒಂಬತ್ತು ಅಡಿ ಅಂತರಕ್ಕೆ ಎಕರೆಗೆ ಸುಮಾರು 540 ಗಿಡ. ಡ್ರಿಪ್ಪಲ್ಲೇ ಕೊಟ್ರೂ ಬೇಸಿಗೇಲಿ ಗಿಡಕ್ಕೆ ದಿನಕ್ಕೆ 20 ಲೀಟರ್ ಅಂದ್ರೆ 10,800 ಲೀಟರ್. ನಾಲ್ಕು ತಿಂಗಳಿಗೆ ಸುಮಾರು 13 ಲಕ್ಷ ಲೀಟರ್. ಕುಡಿಯೋ ನೀರಿನ ಯೋಜನೇಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಅಂದ್ರೆ ಒಂದು ಎಕರೆ ಅಡಿಕೆಯ ನಾಲ್ಕು ತಿಂಗಳ ನೀರು 64 ಜನಕ್ಕೆ ವರ್ಷ ಪೂರ್ತಿ ಆಗುತ್ತೆ. ನಮ್ಮ ಕಾಲೋನೀಲಿ ಇರೋದೇ ಸುಮಾರು ಅಷ್ಟು ಜನ.

ಮಳೆ ಲೆಕ್ಕವೂ ಹೀಗೇ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಸುಮಾರು 4,000 ಲೀಟರ್. ನೀರು ಕಮ್ಮಿ ಬೀಳ್ತಿಲ್ಲ. ಎಷ್ಟು ಬಿತ್ತು, ಎಷ್ಟು ನಿಂತಿತು, ಯಾರು ಎಷ್ಟು ಎಳೆದ್ರು ಅಂತ ಲೆಕ್ಕ ಇಡೋರೇ ಇಲ್ಲ.

ಮಹಾರಾಷ್ಟ್ರದ ಹಿವ್ರೆ ಬಜಾರ್ ಹೆಸರು ಕೇಳಿರ್ತೀರಿ. ಈಗ ಅಹಿಲ್ಯಾನಗರ ಅಂತ ಹೆಸರಾಗಿರೋ ಅಹ್ಮದ್‌ನಗರ ಜಿಲ್ಲೆಯ ಊರು, ಮಳೆ ನಮಗಿಂತ ಕಮ್ಮಿ. ಪೋಪಟ್‌ರಾವ್ ಪವಾರ್ 1990ರ ಸುಮಾರಿಗೆ ಸರಪಂಚರಾದ ಮೇಲೆ ಬದು, ಟ್ರೆಂಚು, ಇಂಗುಗುಂಡಿ ಎಲ್ಲ ಮಾಡಿದ್ರು. 2020ರಲ್ಲಿ ಅವರಿಗೆ ಪದ್ಮಶ್ರೀನೂ ಬಂತು. ನಮ್ಮಲ್ಲಿ ಅವರ ಬಗ್ಗೆ ಮಾತಾಡೋರು ಟ್ರೆಂಚಿನ ಫೋಟೋ ತೋರಿಸ್ತಾರೆ. ನಂಗೆ ದೊಡ್ಡದು ಅನ್ಸಿದ್ದು ಅವರು ಹಾಕ್ಕೊಂಡ ಕಟ್ಟುಪಾಡು. ಬೇಸಾಯಕ್ಕೆ ಬೋರ್ ಕೊರೆಯೋ ಹಾಗಿಲ್ಲ. ಕಬ್ಬು ಬೆಳೆಯೋ ಹಾಗಿಲ್ಲ. ಪ್ರತಿ ವರ್ಷ ಮಳೆ ಅಳೆದು, ಬಾವಿ ಮಟ್ಟ ನೋಡಿ, ಮೊದಲು ಕುಡಿಯೋಕೆ, ಆಮೇಲೆ ದನಕರುಗೆ, ಉಳಿದಿದ್ರಲ್ಲಿ ಯಾವ ಬೆಳೆ ಅಂತ ಗ್ರಾಮಸಭೇಲಿ ಕೂತು ತೀರ್ಮಾನ ಮಾಡ್ತಾರೆ. ಟ್ರೆಂಚ್ ತೋಡೋಕೆ ಸರ್ಕಾರದ ದುಡ್ಡು ಸಿಗುತ್ತೆ. ‘ನಾನು ಬೋರ್ ಕೊರೆಸಲ್ಲ’ ಅನ್ನೋ ಮಾತು ಊರಿನವರೇ ಕೊಡಬೇಕು.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ, ಇದು ಮುಖ್ಯ. ಕೆರೆ ತುಂಬಿದ ಮೇಲೆ ನೀರಗಂಟಿ ಪದ್ಧತಿ ಮತ್ತೆ ತರಬೇಕು ಅಂತ ನಾನೇ ಕಟ್ಟೆ ಮೇಲೆ ಉತ್ಸಾಹದಿಂದ ಹೇಳ್ತಿದ್ದೆ. ತಾತನ ಮೊಮ್ಮಗ ಪೀಣ್ಯದಲ್ಲಿ ಫ್ಯಾಕ್ಟ್ರಿ ಕೆಲಸದಲ್ಲಿದ್ದಾನೆ, ದೀಪಾವಳಿಗೆ ಬಂದಿದ್ದ. ಅವನನ್ನ ಕೇಳಿದೆ, ‘ಊರಿಗೆ ಬಾರಪ್ಪ, ನಿಮ್ಮ ಮನೆತನದ ಕೆಲಸ, ನೀನೇ ನೋಡ್ಕೋ’ ಅಂತ.

ಅವನು ಹೇಳಿದ್ದನ್ನ ಹಾಗೇ ಬರೀತೀನಿ. ‘ಅಣ್ಣ, ನಮ್ಮ ತಾತ ಸುಗ್ಗೀಲಿ ನಿಮ್ಮ ಕಣದ ಹತ್ರ ಮೊರ ಹಿಡ್ಕೊಂಡು ಸಂಜೇವರೆಗೂ ನಿಂತಿರೋದನ್ನ ಚಿಕ್ಕವನಿದ್ದಾಗ ನೋಡಿದೀನಿ. ಆ ಪದ್ಧತಿ ಬೇಡ. ಕೆಲಸ ಇದೆ ಅಂದ್ರೆ ಸಂಬಳ ತಿಂಗಳಿಗೆ ಬ್ಯಾಂಕಿಗೆ ಹಾಕಿ. ನಮ್ಮ ಮನೆಯವರೇ ಮಾಡ್ಬೇಕು ಅಂತ ಇರಬಾರದು. ನಿಮ್ಮ ಮಗನೂ ಅರ್ಜಿ ಹಾಕ್ಲಿ.’

ನಂಗೆ ಉತ್ತರ ಇರ್ಲಿಲ್ಲ. ಅವರ ಮನೆಗೆ ಕೆರೆ ಕೆಳಗೆ ಒಂದೂವರೆ ಎಕರೆ ಇನಾಂ ಇತ್ತಂತೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹುದ್ದೆ ಹೋಯ್ತು, ಜಮೀನು ಒಂದು ಕಾಯಿಲೆ, ಎರಡು ಮದುವೆಗೆ ಕರಗಿತು. ಆದ್ರೂ ತಾತ ತೊಂಬತ್ತರ ದಶಕ ದಾಟೋವರೆಗೆ ನಮ್ಮ ಗದ್ದೆಗಳಿಗೆ ನೀರು ಬಿಟ್ರು. ನಮ್ಮಪ್ಪ ಅವರನ್ನ ಕೊನೇವರೆಗೂ ಏಕವಚನದಲ್ಲೇ ಕರೆದ್ರು. ಹಳೇದನ್ನ ಮತ್ತೆ ತರೋಣ ಅನ್ನುವಾಗ ಯಾವುದನ್ನ ತರ್ತಿದೀವಿ, ಯಾವುದನ್ನ ಬಿಡ್ತಿದೀವಿ ಅಂತ ನೋಡ್ಕೋಬೇಕು. ಕೆರೆ ತುಂಬಿದ್ರೆ ನಂಗೆ ಬೋರು ಬರುತ್ತೆ, ಅಚ್ಚುಕಟ್ಟಿನವರಿಗೆ ಗದ್ದೆ ಬರುತ್ತೆ. ಜಮೀನೇ ಇಲ್ಲದ ಮನೆಗೆ ಏನು ಬರುತ್ತೆ ಅನ್ನೋ ಪ್ರಶ್ನೆ ನಮ್ಮ ಯಾವ ಕ್ರಿಯಾ ಯೋಜನೇಲೂ ನಾನು ಕಂಡಿಲ್ಲ.

ಹಾಗಾಗಿ ಈ ಸಲ ವಾರ್ಡ್ ಸಭೇಲಿ ನಾನು ಬರೆಸೋಕೆ ಹೊರಟಿರೋದು ಇಷ್ಟು.

ಒಂದು, ಶಾಲೆ ಆವರಣದಲ್ಲಿ ಮಳೆಮಾಪಕ. ತಿಂಗಳಿಗೊಂದು ಸಲ ಮೂರು ಬಾವಿಗಳ ನೀರಿನ ಮಟ್ಟ ಅಳೆದು ಗೋಡೆ ಮೇಲೆ ಬರೆಯೋದು.

ಎರಡು, ಪ್ರತಿ ವರ್ಷ ಮುಂಗಾರಿಗೆ ಮುಂಚೆ ಕಾಲುವೆ ಶುಚಿ. ಅದು ಉದ್ಯೋಗ ಖಾತ್ರಿಯ ಮೊದಲ ಕಾಮಗಾರಿ ಆಗಬೇಕು, ಜಮೀನಿಲ್ಲದ ಮನೆಗಳಿಗೆ ಮೊದಲ ಅವಕಾಶ.

ಮೂರು, ನೀರು ಗುಮಾಸ್ತನ ಕೆಲಸ. ಹೆಸರು ನಾನು ಇಟ್ಟಿದ್ದು, ಬೇರೆ ಇಡಿ. ಅಚ್ಚುಕಟ್ಟಿನ 62 ಮನೆ ವರ್ಷಕ್ಕೆ 1,200 ಹಾಕಿದ್ರೆ 74,400, ತಿಂಗಳಿಗೆ 6,200 ಆಗುತ್ತೆ. ಯಾರು ಬೇಕಾದ್ರೂ ಅರ್ಜಿ ಹಾಕಬಹುದು, ದುಡ್ಡು ಖಾತೆಗೆ.

ನಾಲ್ಕು, ಕೆರೆ ಮೀನು ಕಾಲೋನಿಯ ಹೆಣ್ಮಕ್ಕಳ ಸಂಘಕ್ಕೆ ಸಿಗೋ ಹಾಗೆ ಪಂಚಾಯ್ತಿಗೆ ಒತ್ತಾಯ.

ಐದು, ಅಚ್ಚುಕಟ್ಟಲ್ಲಿ ಮೂರು ವರ್ಷ ಹೊಸ ಬೋರ್ ಬೇಡ. ಮೊದಲ ಸಹಿ ನಂದು.

ಐದನೇದು ಪಾಸಾಗುತ್ತೆ ಅಂತ ನಂಗೆ ಧೈರ್ಯ ಇಲ್ಲ. ಮೂರನೇದು ಮೊದಲ ವರ್ಷ ನಡೆದು ಎರಡನೇ ವರ್ಷ ನಿಲ್ಲಬಹುದು, ಆ ಹುಡುಗನೂ ಅದನ್ನೇ ಕೇಳ್ದ: ‘ಮಳೆ ಕೈಕೊಟ್ಟ ವರ್ಷಾನೂ ಕೊಡ್ತೀರಾ?’ ಬರದ ವರ್ಷಕ್ಕೂ ಸೇರಿಸಿ ಮುಂಗಡ ಕಟ್ಟೋದು ಹೇಗೆ ಅಂತ ಯೋಚನೆ ಮಾಡ್ತಿದೀನಿ. ನಿಮ್ಮೂರಲ್ಲಿ ಯಾರಾದ್ರೂ ಮಾಡಿದ್ರೆ ತಿಳಿಸಿ.

ನಿಮಗೆ ಒಂದೇ ಕೋರಿಕೆ. ಸಭೆಗೆ ಹೋಗೋ ಮುಂಚೆ ನಿಮ್ಮ ಪಹಣೀಲಿ ‘ಬ’ ಖರಾಬು ಎಷ್ಟಿದೆ ನೋಡ್ಕೊಳ್ಳಿ. ಮೊಬೈಲಲ್ಲಿ ದಿಶಾಂಕ್ ಹಾಕ್ಕೊಂಡು ಹೊಲದಲ್ಲಿ ನಿಂತ್ರೆ ನೀವು ಯಾವ ಸರ್ವೆ ನಂಬರಲ್ಲಿದೀರಿ ಅಂತ ತೋರಿಸುತ್ತೆ. ಸರ್ಕಾರ ಏನು ಕೊಡಬೇಕು ಅಂತ ಪಟ್ಟಿ ಮಾಡುವಾಗ, ನಾವು ಏನು ಬಿಡಬೇಕು ಅನ್ನೋದೂ ಆ ಪಟ್ಟೀಲಿ ಇರಲಿ.

ಮೊನ್ನೆ ಅಮ್ಮ ಎರಡು ತೆಂಗಿನ ಸಸಿ ತರಿಸಿದ್ರು. ಟೇಪ್ ತಗೊಂಡು ಸರ್ವೆ ಕಲ್ಲಿಂದ ಅಳೆಸಿ, ‘ಇದು ನಮ್ಮದ್ರಲ್ಲೇ ಬರುತ್ತೆ ತಾನೇ?’ ಅಂತ ಎರಡು ಸಲ ಕೇಳಿ ಆಮೇಲೆ ಗುಂಡಿ ತೋಡಿಸಿದ್ರು.

ಸಭೆ ಬುಧವಾರ ಹತ್ತೂವರೆಗೆ, ಶಾಲೆ ಹತ್ರ. ನಮ್ಮೂರಿನವರು ಯಾರಾದ್ರೂ ಇದನ್ನ ಓದ್ತಿದ್ರೆ ಬನ್ನಿ. ಕಮಾನು ಬೇಕು ಅನ್ನೋರೂ ಬನ್ನಿ, ಜಗಳ ಆಡೋಣ. ರಾಗಿ ಲೆಕ್ಕ ಒಕ್ಕಣೆ ಆದ್ಮೇಲೆ.